ಜ್ವರ ಲಿವರಿಗೆ ಇಳಿಯಿತು ಎಂದರೆ

ಎಸ್‌ಜಿಒಟಿ 168, ಎಸ್‌ಜಿಪಿಟಿ 142, ಬಿಲಿರುಬಿನ್ 1.3, ಪ್ಲೇಟ್‌ಲೆಟ್ 90 ಸಾವಿರ. ಜ್ವರದ ಕಾಲದಲ್ಲಿ ಸಾಗರ, ಹೊಸನಗರ, ತೀರ್ಥಹಳ್ಳಿಯ ಲ್ಯಾಬುಗಳಿಂದ ಹೊರಬರುವ ಚೀಟಿಗಳಲ್ಲಿ ಇಂಥ ಅಂಕಿಗಳು ಅಪರೂಪವಲ್ಲ. ಚೀಟಿ ಕೈಗೆ ಬಂದ ಕೂಡಲೇ ಮನೆಯವರ ಕಣ್ಣು ಹೋಗುವುದು ದಪ್ಪಕ್ಷರದಲ್ಲಿ ಮುದ್ರಿಸಿದ ಸಾಲುಗಳ ಮೇಲೆ. ಅವು ಹೆಚ್ಚಾಗಿ ಲಿವರಿನ ಸಾಲುಗಳೇ. ಅಲ್ಲಿಗೆ ತೀರ್ಮಾನ ಮುಗಿಯಿತು: ‘ಜ್ವರ ಲಿವರಿಗೆ ಇಳಿದಿದೆಯಂತೆ ಮಾರಾಯ್ರೆ.’ ಆಮೇಲೆ ಪಥ್ಯ ಶುರು. ಎಣ್ಣೆ ಬಂದ್, ಮೀನು ಬಂದ್, ಮೂರು ಹೊತ್ತೂ ಗಂಜಿ. ನೆಂಟರಲ್ಲಿ ಒಬ್ಬರು ಕಾಮಾಲೆಗೆ ಮದ್ದು ಕೊಡುವವರ ಮನೆ ಗುರುತು ಹೇಳುತ್ತಾರೆ. ಮರುದಿನ ಬೆಳಗಿನ ಬರಿಹೊಟ್ಟೆಗೆ ನೆಲನೆಲ್ಲಿ ಅರೆದು ಹಾಲಿನಲ್ಲಿ ಕದಡಿ ಕುಡಿಸಿಯೂ ಆಗುತ್ತದೆ. ಜ್ವರ ಮಾತ್ರ ಕದಲುವುದಿಲ್ಲ.

ಇದರ ಜೊತೆಗೇ ಇನ್ನೊಂದು ಚೀಟಿಗಾಗಿ ಕಾಯುವುದು ನಡೆದಿರುತ್ತದೆ. ಮಲೆನಾಡಿನಲ್ಲಿ ಜ್ವರವೆಂದರೆ ಮೊದಲ ಭಯ ಮಂಗನ ಕಾಯಿಲೆಯದು, ಅಂದರೆ ಕೆಎಫ್‌ಡಿಯದು. ರಕ್ತ ಶಿವಮೊಗ್ಗದ ವೈರಸ್ ಪತ್ತೆ ಪ್ರಯೋಗಾಲಯಕ್ಕೆ ಹೋಗಿರುತ್ತದೆ. ‘ಕೆಎಫ್‌ಡಿ ನೆಗೆಟಿವ್’ ಎಂದು ಬಂದರೆ ಇಡೀ ಮನೆ ಉಸಿರು ಬಿಡುತ್ತದೆ. ಸಮಾಧಾನ ಪಡುವುದು ಸರಿಯೇ. ಆದರೆ ಬಹಳ ಸಲ ಹುಡುಕಾಟವೂ ಅಲ್ಲಿಗೇ ನಿಂತುಬಿಡುತ್ತದೆ. ನನ್ನ ತಕರಾರು ಇರುವುದು ಅಲ್ಲಿ. ಮಂಗನ ಕಾಯಿಲೆಗೆ ವೈರಸ್ಸನ್ನೇ ಕೊಲ್ಲುವ ಔಷಧವಿಲ್ಲ. ಇರುವುದು ಆರೈಕೆ ಮಾತ್ರ. ಅದೇ ಕಾಡು, ಅದೇ ತೋಟ, ಅದೇ ಅಟ್ಟದಿಂದ ಬರುವ ಟೈಫಸ್ ಜ್ವರಗಳಿಗೆ ಕೆಲವೇ ರೂಪಾಯಿಯ ಮಾತ್ರೆ ಇದೆ. ಮದ್ದಿಲ್ಲದ ಕಾಯಿಲೆಯ ರಿಪೋರ್ಟಿಗೆ ವಾರಗಟ್ಟಲೆ ಕಾಯುವ ನಾವು, ಮದ್ದಿರುವ ಕಾಯಿಲೆಯ ಹೆಸರನ್ನೇ ಕೇಳುವುದಿಲ್ಲ.

ಟೈಫಸ್ ಎಂದಾಗ ಟೈಫಾಯ್ಡ್ ನೆನಪಾಗುವುದು ಸಹಜ. ಎರಡಕ್ಕೂ ಸಂಬಂಧವಿಲ್ಲ. ಟೈಫಾಯ್ಡ್ ಬರುವುದು ಕೊಳೆನೀರು, ಕೆಟ್ಟ ಆಹಾರದಿಂದ. ಅದರ ಬ್ಯಾಕ್ಟೀರಿಯಾದ ಮನೆ ಕರುಳು. ಟೈಫಸ್ ಬರುವುದು ಕಚ್ಚುವ ಹುಳಗಳಿಂದ. ಅದರ ರಿಕೆಟ್ಸಿಯಾ ಗುಂಪಿನ ಸೂಕ್ಷ್ಮಾಣು ಬದುಕುವುದು ರಕ್ತನಾಳದ ಒಳಗೋಡೆಯ ಜೀವಕೋಶಗಳಲ್ಲಿ. ಸಣ್ಣ ಲ್ಯಾಬುಗಳಲ್ಲಿ ಇಂದಿಗೂ ಧಾರಾಳವಾಗಿ ಮಾಡುವ ವಿಡಾಲ್ ಪರೀಕ್ಷೆ ಬೇರೆ ಬೇರೆ ಜ್ವರಗಳಲ್ಲೂ ಅಷ್ಟಿಷ್ಟು ಪಾಸಿಟಿವ್ ತೋರಿಸುತ್ತದೆ. ಹಾಗಾಗಿ ಟೈಫಸ್ ರೋಗಿಗೆ ಟೈಫಾಯ್ಡ್ ಚಿಕಿತ್ಸೆ ನಡೆಯುವುದು ಹೊಸ ಸಂಗತಿಯೇನಲ್ಲ. ಟೈಫಾಯ್ಡಿಗೆ ಕೊಡುವ ಸೆಫಿಕ್ಸಿಮ್, ಸೆಫ್‌ಟ್ರಿಯಾಕ್ಸೋನ್‌ನಂಥ ಔಷಧಗಳು ಜೀವಕೋಶದ ಒಳಗೆ ಅಡಗಿರುವ ರಿಕೆಟ್ಸಿಯಾವನ್ನು ಮುಟ್ಟುವುದೂ ಇಲ್ಲ.

ಟೈಫಸ್ ಕುಟುಂಬದಲ್ಲಿ ಹಲವರಿದ್ದಾರೆ. ಬಟ್ಟೆಯ ಮಡಿಕೆಯಲ್ಲಿ ಬದುಕುವ ಕೂರೆಯಿಂದ ಬರುವುದು ಯುದ್ಧ, ಬರ, ಸೆರೆಮನೆಗಳ ಟೈಫಸ್. ನೆಪೋಲಿಯನ್ನನ ಸೈನ್ಯವನ್ನು ರಷ್ಯಾದ ದಾರಿಯಲ್ಲಿ ಕಾಡಿದ ಕಾಯಿಲೆಗಳಲ್ಲಿ ಅದೂ ಒಂದು. ಉಣುಗಿನಿಂದ ಬರುವುದು ಬೇರೆ. ಹುಲ್ಲು, ಪೊದೆ, ದರಗಿನ ನಡುವೆ ಇರುವ ಚಿಗ್ಗರ್ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಹುಳದ ಮರಿಯಿಂದ ಬರುವುದು ಸ್ಕ್ರಬ್ ಟೈಫಸ್. ಇಲಿಯ ಮೈಮೇಲಿನ ಚಿಗಟದಿಂದ ಬರುವುದು ಮ್ಯೂರೈನ್ ಟೈಫಸ್. ಇದು ಎಲ್ಲಕ್ಕಿಂತ ಸೌಮ್ಯ. ಸೌಮ್ಯವಾದ್ದರಿಂದಲೇ ಎಲ್ಲರ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಮೇಳಿಗೆಯ ಇಲಿಗಳು

ಚಿಗಟ ಮಲೆನಾಡಿಗೆ ಅಪರಿಚಿತವಲ್ಲ. ತೀರ್ಥಹಳ್ಳಿ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದ ಯು.ಆರ್. ಅನಂತಮೂರ್ತಿಯವರು 1965ರಲ್ಲಿ ಪ್ರಕಟಿಸಿದ ‘ಸಂಸ್ಕಾರ’ ಕಾದಂಬರಿಯನ್ನು ಓದಿದವರಿಗೆ ಅಗ್ರಹಾರದಲ್ಲಿ ಸತ್ತು ಬೀಳುವ ಇಲಿಗಳು ಮರೆಯುವುದಿಲ್ಲ. ನಾರಣಪ್ಪನ ಹೆಣಕ್ಕೆ ಸಂಸ್ಕಾರ ಮಾಡುವವರು ಯಾರು ಎಂದು ಧರ್ಮಶಾಸ್ತ್ರ ತೆರೆದು ಕೂತವರ ನಡುವೆ ಪ್ಲೇಗು ಸದ್ದಿಲ್ಲದೆ ಮನೆಯಿಂದ ಮನೆಗೆ ನಡೆಯುತ್ತದೆ. ಹಳೆಯ ಮೈಸೂರು ಸೀಮೆಯಲ್ಲಿ ಇದು ಬರೀ ಕಥೆಯಲ್ಲ. 1898ರ ಆಗಸ್ಟಿನಲ್ಲಿ ಪ್ಲೇಗು ಬೆಂಗಳೂರಿಗೆ ಕಾಲಿಟ್ಟಿತು. ಆಮೇಲಿನ ದಶಕಗಳಲ್ಲಿ ಇಲಿ ಬಿದ್ದರೆ ಊರು ಬಿಡುವುದು, ಹೊಲದಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಇರುವುದು ಹಳ್ಳಿಗಳಿಗೆ ರೂಢಿಯೇ ಆಗಿಹೋಯಿತು.

ಪ್ಲೇಗನ್ನು ಹೊತ್ತು ತರುವುದು ಇಲಿಯ ಚಿಗಟ ಎಂದು ಫ್ರೆಂಚ್ ವೈದ್ಯ ಪಾಲ್ ಲೂಯಿ ಸಿಮೊಂಡ್ ಕರಾಚಿಯಲ್ಲಿ ತೋರಿಸಿಕೊಟ್ಟದ್ದೂ ಅದೇ 1898ರಲ್ಲಿ. ಈಗ ‘ಕ್ಸೆನಾಪ್ಸಿಲ್ಲ ಕಿಯೋಪಿಸ್’ ಎಂದು ಕರೆಯುವ ಆ ಚಿಗಟಕ್ಕೆ 1903ರಲ್ಲಿ ಚಾರ್ಲ್ಸ್ ರಾತ್‌ಚೈಲ್ಡ್ ಎಂಬ ಕೀಟಪ್ರೇಮಿ, ಪಿರಮಿಡ್ ಕಟ್ಟಿಸಿದ ದೊರೆ ಕಿಯೋಪ್ಸ್ ನೆನಪಿಗೆ ‘ಕಿಯೋಪಿಸ್’ ಎಂದು ಹೆಸರಿಟ್ಟ. ಮ್ಯೂರೈನ್ ಟೈಫಸ್ಸನ್ನು ಹರಡುವ ಮುಖ್ಯ ಚಿಗಟವೂ ಇದೇ. ಪ್ಲೇಗು ನಮ್ಮ ಊರುಗಳಿಂದ ಹೋಯಿತು. ಇಲಿ ಹೋಗಲಿಲ್ಲ, ಚಿಗಟವೂ ಹೋಗಲಿಲ್ಲ.

ಎರಡು ಕಾಯಿಲೆಗಳ ನಡೆ ಮಾತ್ರ ಬೇರೆ. ಪ್ಲೇಗು ಇಲಿಯನ್ನೂ ಕೊಲ್ಲುತ್ತದೆ, ಚಿಗಟವನ್ನೂ ಕೊಲ್ಲುತ್ತದೆ. ಇಲಿ ಬಿದ್ದದ್ದು ನೋಡಿ ಊರವರಿಗೆ ಮುನ್ಸೂಚನೆ ಸಿಗುತ್ತಿತ್ತು. ಟೈಫಸ್ ಸೂಕ್ಷ್ಮಾಣುವಾದ ‘ರಿಕೆಟ್ಸಿಯಾ ಟೈಫಿ’ ಇಲಿಗೆ ಹೆಚ್ಚೇನೂ ತೊಂದರೆ ಕೊಡುವುದಿಲ್ಲ. ಒಮ್ಮೆ ಸೋಂಕು ತಗುಲಿದ ಚಿಗಟ ಬದುಕಿರುವಷ್ಟು ದಿನವೂ ಅದನ್ನು ಹೊತ್ತು ತಿರುಗುತ್ತದೆ. ಹಾಗಾಗಿ ಮನೆಯಲ್ಲಿ ಯಾವ ಸೂಚನೆಯೂ ಕಾಣಿಸುವುದಿಲ್ಲ. ಕಚ್ಚುವುದರಿಂದಲೇ ನೇರವಾಗಿ ರೋಗ ಬರುವುದೂ ಕಡಿಮೆ. ಚಿಗಟ ಕಚ್ಚಿದ ಜಾಗದಲ್ಲಿ ಹಿಕ್ಕೆ ಹಾಕುತ್ತದೆ. ತುರಿಕೆ ತಾಳಲಾರದೆ ನಾವು ಕೆರೆದುಕೊಂಡಾಗ ಆ ಹಿಕ್ಕೆಯ ಸೂಕ್ಷ್ಮಾಣು ಗಾಯದೊಳಗೆ ಸೇರುತ್ತದೆ. ಒಣಗಿದ ಹಿಕ್ಕೆಯ ಧೂಳು ಮೂಗು, ಕಣ್ಣಿಗೆ ಹೋದರೂ ಸಾಕು. ಅಟ್ಟ ಹತ್ತಿ ಹಳೆ ಗೋಣಿಚೀಲ ಕೊಡವಿದವರಿಗೆ ‘ನನಗೆ ಏನೂ ಕಚ್ಚಿದ ನೆನಪಿಲ್ಲ’ ಎಂದು ಹೇಳುವ ಪ್ರಸಂಗ ಬರುವುದು ಹೀಗೆ.

ವಿಜ್ಞಾನಿಗಳಿಗೂ ಇದನ್ನು ಬೇರ್ಪಡಿಸಿ ನೋಡಲು ಸಮಯ ಹಿಡಿಯಿತು. ಕೂರೆಯಿಂದ ಟೈಫಸ್ ಬರುತ್ತದೆ ಎಂದು ಟ್ಯೂನಿಸ್ಸಿನಲ್ಲಿ ಶಾರ್ಲ್ ನಿಕೋಲ್ 1909ರಲ್ಲಿ ತೋರಿಸಿದರು. ಅದಕ್ಕೆ 1928ರ ನೊಬೆಲ್ ಬಂತು. ಈ ಸೂಕ್ಷ್ಮಾಣುಗಳಿಗೆ ಯಾರ ಹೆಸರಿಟ್ಟಿದ್ದಾರೋ ಆ ಹೊವಾರ್ಡ್ ರಿಕೆಟ್ಸ್ 1910ರಲ್ಲಿ ಮೆಕ್ಸಿಕೋದಲ್ಲಿ ಟೈಫಸ್ಸನ್ನು ಅಭ್ಯಸಿಸುತ್ತಲೇ ಟೈಫಸ್ಸಿಗೆ ಬಲಿಯಾದರು. ಕೂರೆಗಳೇ ಇಲ್ಲದ ಅಮೆರಿಕದ ದಕ್ಷಿಣದ ಊರುಗಳಲ್ಲೂ ಟೈಫಸ್ ಕಾಣುತ್ತಿದೆಯಲ್ಲ ಎಂದು ಕೆನೆತ್ ಮ್ಯಾಕ್ಸಿ 1926ರಲ್ಲಿ ಇಲಿಗಳತ್ತ ಬೆರಳು ತೋರಿಸಿದರು. 1931ರಲ್ಲಿ ಬಾಲ್ಟಿಮೋರಿನಲ್ಲಿ ಹಿಡಿದ ಇಲಿಗಳ ಚಿಗಟದಲ್ಲಿ ಸೂಕ್ಷ್ಮಾಣು ಸಿಕ್ಕಿತು. ಭಾರತದಲ್ಲಿ ಈ ರೋಗ ದಾಖಲಾದ ಊರುಗಳ ಹಳೆಯ ಪಟ್ಟಿಯಲ್ಲಿ ಪುಣೆ, ಲಖನೌ, ಕಲ್ಕತ್ತ, ಕಾಶ್ಮೀರದ ಜೊತೆ ಮೈಸೂರಿನ ಹೆಸರೂ ಇದೆ. ಇದು ಬಡ ದೇಶಗಳ ಕಾಯಿಲೆ ಎಂದುಕೊಳ್ಳುವುದೂ ಬೇಡ. 2018ರಲ್ಲಿ ಲಾಸ್ ಏಂಜಲೀಸ್ ನಗರದ ನಡುಮಧ್ಯದಲ್ಲೇ ಚಿಗಟದ ಟೈಫಸ್ ಹರಡಿ ಸುದ್ದಿಯಾಗಿತ್ತು.

ಲಿವರಿನೊಳಗೆ ನಡೆಯುವುದೇನು

ಚಿಗಟ ಕಚ್ಚುವುದು ಕಾಲಿಗೆ. ಪೆಟ್ಟು ಲಿವರಿಗೆ ಯಾಕೆ?

ರಿಕೆಟ್ಸಿಯಾ ಲಿವರನ್ನೇ ಹುಡುಕಿಕೊಂಡು ಹೋಗುವುದಿಲ್ಲ. ಅದಕ್ಕೆ ಬೇಕಾದದ್ದು ರಕ್ತನಾಳಗಳ ಒಳಪದರ. ಚರ್ಮದಿಂದ ರಕ್ತಕ್ಕೆ ಸೇರಿ, ಸಣ್ಣ ನಾಳಗಳ ಒಳಮೈ ಜೀವಕೋಶಗಳಿಗೆ ನುಗ್ಗಿ, ಅಲ್ಲೇ ಮರಿ ಹಾಕಿ, ಜೀವಕೋಶ ಒಡೆದಾಗ ಪಕ್ಕದ್ದಕ್ಕೆ ದಾಟುತ್ತದೆ. ಅಡಿಕೆ ತೋಟದ ಬಸಿಗಾಲುವೆಯ ದಂಡೆ ಒಳಗಿಂದ ಕುಸಿದರೆ ನೀರು ಕಾಲುವೆಯಲ್ಲಿ ಹರಿಯುವ ಬದಲು ಮರಗಳ ಬುಡಕ್ಕೆ ಒಸರುತ್ತದಲ್ಲ, ಇಲ್ಲಿ ಆಗುವುದೂ ಅಂಥದ್ದೇ. ನಾಳದಿಂದ ನೀರಿನಂಶ, ಪ್ರೋಟೀನು ಹೊರಗೆ ಜಿನುಗುತ್ತವೆ. ಹಾಳಾದ ಗೋಡೆಗೆ ತೇಪೆ ಹಚ್ಚಲು ಪ್ಲೇಟ್‌ಲೆಟ್‌ಗಳು ಖರ್ಚಾಗುತ್ತವೆ. ರಕ್ತದಲ್ಲಿ ಆಲ್ಬುಮಿನ್ ಇಳಿಯುತ್ತದೆ, ಸೋಡಿಯಂ ಇಳಿಯುತ್ತದೆ. ತಲೆನೋವು, ಮೈಕೈ ನೋವು, ಕೆಲವರಿಗೆ ಎದೆ-ಹೊಟ್ಟೆಯ ಮೇಲೆ ಸಣ್ಣ ಕೆಂಪು ಗುಳ್ಳೆ, ಎಲ್ಲದರ ಬೇರೂ ಈ ನಾಳದ ಉರಿಯೂತವೇ. ಗುಳ್ಳೆ ಸುಮಾರು ಅರ್ಧದಷ್ಟು ರೋಗಿಗಳಲ್ಲಿ ಮಾತ್ರ ಕಾಣುತ್ತದೆ. ನಮ್ಮ ಕಪ್ಪು-ಗೋಧಿ ಮೈಬಣ್ಣದಲ್ಲಿ ಇನ್ನೂ ಕಡಿಮೆ.

ಈಗ ಲಿವರ್. ಸುಮಾರು ಒಂದೂವರೆ ಕಿಲೋ ತೂಗುವ ಈ ಅಂಗದ ಮೂಲಕ, ಹೃದಯ ಪಂಪು ಮಾಡುವ ರಕ್ತದ ಕಾಲುಭಾಗದಷ್ಟು ಪ್ರತಿ ನಿಮಿಷ ಹಾದುಹೋಗುತ್ತದೆ. ಅದರೊಳಗಿನ ಸೂಕ್ಷ್ಮ ನಾಳಗಳನ್ನು ಸೈನುಸಾಯ್ಡ್ ಎನ್ನುತ್ತಾರೆ. ಅವುಗಳ ಗೋಡೆ ತೂತುತೂತಾಗಿದ್ದು, ಅಲ್ಲಲ್ಲಿ ಕುಪ್ಫರ್ ಎಂಬ ಕಾವಲು ಕೋಶಗಳು ಕೂತಿರುತ್ತವೆ. ರಕ್ತನಾಳದ ಒಳಪದರದಲ್ಲಿ ಬದುಕುವ ಸೂಕ್ಷ್ಮಾಣುವಿಗೆ ಇಷ್ಟೊಂದು ನಾಳಗಳಿರುವ ಜಾಗ ತಪ್ಪುವುದುಂಟೇ? ಕಾವಲು ಕೋಶಗಳು ಊದಿಕೊಳ್ಳುತ್ತವೆ, ಸಂಖ್ಯೆ ಹೆಚ್ಚಿಸಿಕೊಳ್ಳುತ್ತವೆ. ನಾಳಗಳು ಕೂಡುವ ಜಾಗದಲ್ಲಿ ಬಿಳಿರಕ್ತಕಣಗಳು ಗುಂಪುಗೂಡುತ್ತವೆ. ಲಿವರಿನ ಚೂರು ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದವರು ಕೆಲವರಲ್ಲಿ ಗ್ರ್ಯಾನುಲೋಮ ಎಂಬ ಸಣ್ಣ ಗಂಟುಗಳನ್ನೂ ಕಂಡಿದ್ದಾರೆ. ಈ ಗಲಾಟೆಯಲ್ಲಿ ಪಕ್ಕದ ಲಿವರ್ ಕೋಶಗಳಿಗೂ ಪೆಟ್ಟಾಗಿ, ಅವುಗಳೊಳಗಿನ ಕಿಣ್ವಗಳು ರಕ್ತಕ್ಕೆ ಸೋರುತ್ತವೆ. ಚೀಟಿಯಲ್ಲಿ ನಾವು ಓದುವ ಎಸ್‌ಜಿಒಟಿ, ಎಸ್‌ಜಿಪಿಟಿ ಅವೇ.

ಮ್ಯೂರೈನ್ ಟೈಫಸ್ಸಿನ ರೋಗಿಗಳಲ್ಲಿ ಹೆಚ್ಚಿನವರಿಗೆ ಈ ಅಂಕಿಗಳು ಏರುತ್ತವೆ. ಆದರೆ ಏರುವ ಪ್ರಮಾಣ ಗಮನಿಸಿ: ಸಾಮಾನ್ಯವಾಗಿ ಇರಬೇಕಾದ್ದರ ಎರಡರಿಂದ ಐದು ಪಟ್ಟು. ಅಂದರೆ 40ರ ಆಸುಪಾಸು ಇರಬೇಕಾದದ್ದು 80, 150, 200. ಕಣ್ಣು ಹಳದಿಯಾಗುವುದು ವಿರಳ. ಜಿ6ಪಿಡಿ ಎಂಬ ಕಿಣ್ವದ ಕೊರತೆ ಹುಟ್ಟಿನಿಂದಲೇ ಇರುವವರಲ್ಲಿ ಕೆಂಪು ರಕ್ತಕಣಗಳು ಒಡೆದು ಕಾಮಾಲೆ ತೀವ್ರವಾಗಬಹುದು. ಅಂಥವರಿಗೂ ವಯಸ್ಸಾದವರಿಗೂ ಅಪಾಯ ಹೆಚ್ಚು. ಸ್ಕ್ರಬ್ ಟೈಫಸ್ ಇದಕ್ಕಿಂತ ಒರಟು. ಅಲ್ಲೂ ಬಹುಪಾಲು ರೋಗಿಗಳ ಲಿವರ್ ಅಂಕಿಗಳು ಏರುತ್ತವೆ. ಜೊತೆಗೆ ಕಾಮಾಲೆ, ಶ್ವಾಸಕೋಶದ ತೊಂದರೆ, ಮೂತ್ರಪಿಂಡದ ಸೋಲು ಒಟ್ಟಿಗೇ ಬರಬಹುದು.

ನೀರಿನಿಂದ ಬರುವ ಹೆಪಟೈಟಿಸ್ ‘ಎ’ ಅಥವಾ ‘ಇ’ ಜೊತೆ ಇದನ್ನು ಹೋಲಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಅಲ್ಲಿ ಎಸ್‌ಜಿಪಿಟಿ ಸಾವಿರ ದಾಟುವುದು ಮಾಮೂಲು. ಊಟ ಕಂಡರೆ ವಾಕರಿಕೆ. ಕಣ್ಣು ಹಳದಿಯಾಗುವ ಹೊತ್ತಿಗೆ ಜ್ವರ ಸಾಮಾನ್ಯವಾಗಿ ಬಿಟ್ಟಿರುತ್ತದೆ. ಟೈಫಸ್ಸಿನಲ್ಲಿ ಅಂಕಿ ನೂರರ ಲೆಕ್ಕದಲ್ಲೇ ಇರುತ್ತದೆ, ಪ್ಲೇಟ್‌ಲೆಟ್ ಇಳಿದಿರುತ್ತದೆ, ಜ್ವರ ಬಿಡುವುದಿಲ್ಲ. ಜ್ವರ ಸುಡುತ್ತಿರುವಾಗಲೇ ಲಿವರ್ ಅಂಕಿ ಅಷ್ಟಿಷ್ಟು ಏರಿದ್ದರೆ, ಸಾಮಾನ್ಯವಾಗಿ ಕಾಯಿಲೆ ಲಿವರಿನದಲ್ಲ, ಜ್ವರದ್ದು. ಮದ್ದು ಬೀಳಬೇಕಾದದ್ದೂ ಜ್ವರದ ಮೂಲಕ್ಕೆ. ಅದು ಬಿದ್ದರೆ ಲಿವರ್ ತಾನಾಗಿ ಸರಿಹೋಗುತ್ತದೆ. ಟೈಫಸ್ ಗುಣವಾದ ಮೇಲೆ ಲಿವರಿಗೆ ಶಾಶ್ವತ ಊನ ಉಳಿಯುವುದಿಲ್ಲ. ಹಸಿರು ಬಾಟಲಿಯ ‘ಲಿವರ್ ಟಾನಿಕ್’ಗೆ ಇಲ್ಲಿ ಯಾವ ಕೆಲಸವೂ ಇಲ್ಲ. ಅದನ್ನು ಬರೆದುಕೊಡದ ವೈದ್ಯರ ಮೇಲೆ ಬೇಸರ ಮಾಡಿಕೊಳ್ಳುವವರನ್ನು ಕಂಡರೆ ನನಗೆ ನಗು ಬರುತ್ತದೆ.

ಲಿವರಿಗೆ ನಿಜವಾಗಿ ತೊಂದರೆ ಕೊಡುವ ಒಂದು ವಸ್ತು ನಮ್ಮ ಕಿಸೆಯಲ್ಲೇ ಇರುತ್ತದೆ. ಪ್ಯಾರಾಸಿಟಮಾಲ್. ಮೇಲೆ ಬೇರೆ ಬೇರೆ ಬ್ರ್ಯಾಂಡಿನ ಹೆಸರು, ಒಳಗೆ ಒಂದೇ ಔಷಧ. ಜ್ವರ ಇಳಿಯಲಿಲ್ಲವೆಂದು ಮೆಡಿಕಲ್ ಶಾಪಿನ ಮಾತ್ರೆ, ಆಸ್ಪತ್ರೆಯ ಮಾತ್ರೆ, ನೆಗಡಿಯ ಮಾತ್ರೆ ಎಲ್ಲವನ್ನೂ ಸೇರಿಸಿ ನುಂಗಿದರೆ ದಿನದ ಮಿತಿ ಗೊತ್ತಿಲ್ಲದೆ ದಾಟುತ್ತದೆ. ಆರೋಗ್ಯವಂತ ದೊಡ್ಡವರಿಗೂ ದಿನಕ್ಕೆ 4 ಗ್ರಾಂ ಮೀರಬಾರದು. ಕುಡಿತದ ಅಭ್ಯಾಸ ಇರುವವರಿಗೆ ಅದಕ್ಕಿಂತ ಕಡಿಮೆ. ಹೊತ್ತಿ ಉರಿಯುತ್ತಿರುವ ಲಿವರಿನ ಮೇಲೆ ಹಳ್ಳಿಮದ್ದು, ಕಷಾಯ, ಭಸ್ಮ ಹಾಕುವುದೂ ಇದೇ ಸಾಲಿಗೆ ಸೇರುತ್ತದೆ. ನೆಲನೆಲ್ಲಿಯಿಂದ ಆಗುವ ಹಾನಿಗಿಂತ ದೊಡ್ಡದು, ಅದನ್ನು ಕುಡಿಯುತ್ತ ಕಳೆದುಹೋಗುವ ನಾಲ್ಕೈದು ದಿನ.

ಜ್ವರಗಳ ಜಂಗುಳಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ವೈದ್ಯರ ಕಷ್ಟವನ್ನೂ ಹೇಳಬೇಕು. ಇಷ್ಟು ಜ್ವರಗಳು ಒಂದೇ ಸೀಮೆಯಲ್ಲಿ ಸೇರಿಕೊಂಡಿರುವುದು ಕಡಿಮೆ. ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ 1957ರಲ್ಲಿ ಮಂಗಗಳು ಸತ್ತು, ಜನರಿಗೆ ಜ್ವರ ಬಂದಾಗ ಮೊದಲು ಟೈಫಾಯ್ಡ್ ಇರಬೇಕೆಂದುಕೊಂಡರು. ಹಳದಿ ಜ್ವರವೇ ಭಾರತಕ್ಕೆ ಬಂತೇ ಎಂಬ ಗಾಬರಿಯೂ ಇತ್ತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಹೊಸ ವೈರಸ್ಸನ್ನೂ, ಅದನ್ನು ಹರಡುವ ಉಣುಗನ್ನೂ ಗುರುತಿಸಿದರು. ಅರುವತ್ತು ವರ್ಷದ ಮೇಲೆ, 2018ರ ಡಿಸೆಂಬರಿನಿಂದ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಅದೇ ಕಾಯಿಲೆ ಹಲವರನ್ನು ಬಲಿ ಪಡೆಯಿತು. ಹಳೆಯ ಲಸಿಕೆ ನಿರೀಕ್ಷಿಸಿದಷ್ಟು ರಕ್ಷಣೆ ಕೊಡುತ್ತಿಲ್ಲವೆಂದು 2022ರಲ್ಲಿ ನಿಂತಿತು. ಹಾಗಿರುವಾಗ ಮಂಗನ ಕಾಯಿಲೆಯ ಭಯ ಜನರಿಗೆ ಮೊದಲು ಬರುವುದರಲ್ಲಿ ತಪ್ಪಿಲ್ಲ.

ಆದರೆ ಮಂಗನ ಕಾಯಿಲೆಯಲ್ಲೂ ಲಿವರ್ ಅಂಕಿ ಏರುತ್ತದೆ. ಡೆಂಗಿಯಲ್ಲೂ ಏರುತ್ತದೆ, ಪ್ಲೇಟ್‌ಲೆಟ್ ಇಳಿಯುತ್ತದೆ. ಗದ್ದೆ, ತೋಟದ ಕೆಸರಿನಲ್ಲಿ ಇಲಿಯ ಮೂತ್ರದಿಂದ ಬರುವ ಲೆಪ್ಟೊಸ್ಪೈರೋಸಿಸ್‌ನಲ್ಲಂತೂ ಕಣ್ಣು ಕೆಂಪಾಗಿ, ಮೈ ಹಳದಿಯಾಗಿ, ಮೀನಖಂಡ ಹಿಡಿದುಕೊಳ್ಳುತ್ತದೆ. ನಮ್ಮಲ್ಲಿ ‘ಇಲಿ ಜ್ವರ’ ಎನ್ನುವುದು ಇದನ್ನೇ; ಚಿಗಟದ ಟೈಫಸ್ ಕೂಡ ಇಲಿಯ ಬಾಬತ್ತೇ ಆದರೂ ಅದು ಬೇರೆ ಕಾಯಿಲೆ. ಸ್ಕ್ರಬ್ ಟೈಫಸ್ ಮಳೆ ಮುಗಿದ ಮೇಲಿನ ತಿಂಗಳುಗಳಲ್ಲಿ ಹೆಚ್ಚುತ್ತದೆ. ಮಂಗನ ಕಾಯಿಲೆಯ ಕಾಲ ಡಿಸೆಂಬರಿನಿಂದ ಮುಂಗಾರಿನವರೆಗೆ. ಎರಡು ಕಾಲಗಳೂ ಕೂಡುವುದು ಅಡಿಕೆ ಕೊಯ್ಲಿನ ಹೊತ್ತಿನಲ್ಲೇ. ದರಗು ಗುಡಿಸುವುದು, ಸೊಪ್ಪಿನ ಬೆಟ್ಟಕ್ಕೆ ಹೋಗುವುದು, ಅಡಿಕೆ ಸುಲಿಯುವುದು, ಭತ್ತದ ಚೀಲ ಅಟ್ಟಕ್ಕೇರಿಸುವುದು ಎಲ್ಲ ಆಗಲೇ. ಉಣುಗು, ಚಿಗ್ಗರ್, ಚಿಗಟ, ಸೊಳ್ಳೆ ಎಲ್ಲದರ ಜೊತೆ ಒಂದೇ ತಿಂಗಳಲ್ಲಿ ಒಡನಾಟ ಆಗುವ ಕಸುಬು ನಮ್ಮದು.

ಬರೀ ಲಿವರ್ ಅಂಕಿ ನೋಡಿ ಇವುಗಳಲ್ಲಿ ಯಾವುದೆಂದು ಯಾರೂ ಹೇಳಲಾರರು. ಸುಳಿವು ಬೇರೆ ಕಡೆ ಇರುತ್ತದೆ. ಸ್ಕ್ರಬ್ ಟೈಫಸ್ಸಿನಲ್ಲಿ ಚಿಗ್ಗರ್ ಕಚ್ಚಿದ ಜಾಗದಲ್ಲಿ ಬೀಡಿಯಿಂದ ಸುಟ್ಟಂತೆ ಕಪ್ಪು ಹಕ್ಕಳೆಯ ಗಾಯವಾಗುತ್ತದೆ. ನೋವಿಲ್ಲ, ತುರಿಕೆಯಿಲ್ಲ. ಹುಳ ಬಟ್ಟೆ ಬಿಗಿಯಾಗಿರುವ ಕಡೆ ನಿಲ್ಲುವುದರಿಂದ ಗಾಯ ಇರುವುದು ಕಂಕುಳು, ತೊಡೆಸಂದು, ಉಡಿದಾರದ ಕೆಳಗೆ, ಸ್ತನದ ಅಡಿ. ರೋಗಿ ಸಂಕೋಚದಿಂದ ತೋರಿಸುವುದಿಲ್ಲ, ಗಿಜಿಗುಡುವ ಹೊರರೋಗಿ ವಿಭಾಗದಲ್ಲಿ ವೈದ್ಯರಿಗೆ ನೋಡಲು ವ್ಯವಧಾನವಿಲ್ಲ. ಮನೆಯಲ್ಲಿ ಮೀಯಿಸುವವರು ನೋಡಿ ಹೇಳಿದರೆ ಅದಕ್ಕಿಂತ ದೊಡ್ಡ ಉಪಕಾರವಿಲ್ಲ. ಚಿಗಟದ ಟೈಫಸ್ಸಿನಲ್ಲಿ ಮಾತ್ರ ಇಂಥ ಗಾಯ ಇರುವುದಿಲ್ಲ. ಅಲ್ಲಿ ಇತಿಹಾಸವೇ ಸುಳಿವು: ಮನೆಯಲ್ಲಿ, ಗೋಡೌನಿನಲ್ಲಿ, ಕೊಟ್ಟಿಗೆಯಲ್ಲಿ ಇಲಿ ಕಾಟ ಇದೆಯೇ, ಬೆಕ್ಕುನಾಯಿಗಳ ಮೈಯಲ್ಲಿ ಚಿಗಟ ಇದೆಯೇ, ಈ ಎರಡು ವಾರದಲ್ಲಿ ಹಳೆ ಸಾಮಾನು ಕೊಡವಿದ್ದುಂಟೇ?

ಪರೀಕ್ಷೆಗಳ ವಿಷಯವೂ ಅಷ್ಟು ಸರಳವಲ್ಲ. ವೈಲ್ ಮತ್ತು ಫೆಲಿಕ್ಸ್ ಎಂಬಿಬ್ಬರು 1916ರಲ್ಲಿ ಕಂಡುಹಿಡಿದ ಪರೀಕ್ಷೆ ಅಗ್ಗ. ಸಣ್ಣ ಊರುಗಳಲ್ಲಿ ಇಂದಿಗೂ ಅದರದೇ ಆಸರೆ. ಅದು ರಿಕೆಟ್ಸಿಯಾವನ್ನು ನೇರ ಹಿಡಿಯುವುದಿಲ್ಲ. ಪ್ರೋಟಿಯಸ್ ಎಂಬ ಬೇರೊಂದು ಬ್ಯಾಕ್ಟೀರಿಯಾದ ಜೊತೆ ರಕ್ತ ಹೇಗೆ ವರ್ತಿಸುತ್ತದೆಂದು ನೋಡಿ ಊಹಿಸುತ್ತದೆ. ಬಹಳ ರೋಗಿಗಳು ಅದರ ಕೈಗೆ ಸಿಗುವುದಿಲ್ಲ. ಐಜಿಎಂ ಎಲೈಸಾ ಹೆಚ್ಚು ನಂಬಿಕೆಯದು, ಆದರೆ ಜ್ವರ ಬಂದ ಐದಾರು ದಿನಕ್ಕೆ ಮೊದಲು ಅದರಲ್ಲಿ ನೆಗೆಟಿವ್ ಬಂದರೆ ಅರ್ಥವಿಲ್ಲ. ಸಾಮಾನ್ಯವಾಗಿ ಸಿಗುವ ಎಲೈಸಾ ಕಿಟ್ ಸ್ಕ್ರಬ್ ಟೈಫಸ್ಸಿನದು. ಚಿಗಟದ ಟೈಫಸ್ಸಿಗೆ ಬೇರೆಯೇ ಕಿಟ್ ಬೇಕು. ಹುಡುಕದ ಕಾಯಿಲೆ ಯಾವ ಪಟ್ಟಿಯಲ್ಲೂ ಕಾಣುವುದಿಲ್ಲ.

ಇದನ್ನೆಲ್ಲ ಬಲ್ಲ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2015ರಲ್ಲಿ ಹೊರತಂದ ಮಾರ್ಗಸೂಚಿ ಬುದ್ಧಿವಂತಿಕೆಯದು. ಐದು ದಿನ ಅಥವಾ ಹೆಚ್ಚು ಕಾಲದ, ಕಾರಣ ತಿಳಿಯದ ಜ್ವರ ಇದ್ದರೆ, ಗಾಯ ಇರಲಿ ಇಲ್ಲದಿರಲಿ, ರಿಕೆಟ್ಸಿಯಾ ಜ್ವರವೆಂದು ಅನುಮಾನಿಸಬೇಕು. ಲ್ಯಾಬಿನ ಖಾತರಿಗಾಗಿ ಚಿಕಿತ್ಸೆ ತಡೆಯಬಾರದು. ಆ ಚಿಕಿತ್ಸೆ ಡಾಕ್ಸಿಸೈಕ್ಲಿನ್. ದೊಡ್ಡವರಿಗೆ 100 ಮಿಲಿಗ್ರಾಂ ದಿನಕ್ಕೆ ಎರಡು ಬಾರಿ, ಸಾಮಾನ್ಯವಾಗಿ ಒಂದು ವಾರ. ಸಕಾಲಕ್ಕೆ ಶುರುವಾದರೆ 48 ಗಂಟೆಯೊಳಗೆ ಜ್ವರ ಇಳಿಯುವುದು ವಾಡಿಕೆ. ಇಳಿಯದಿದ್ದರೆ ಬೇರೆ ಕಾಯಿಲೆ ಯೋಚಿಸಬೇಕು ಎಂಬುದೂ ಒಂದು ಸುಳಿವೇ. ಲೆಪ್ಟೊಸ್ಪೈರೋಸಿಸ್‌ಗೂ ಇದೇ ಮಾತ್ರೆ ಕೆಲಸ ಮಾಡುತ್ತದೆ ಎಂಬುದು ನಮ್ಮ ಸೀಮೆಯ ಪುಣ್ಯ. ಗರ್ಭಿಣಿಯರಿಗೆ ಬದಲಿಯಾಗಿ ಅಜಿತ್ರೊಮೈಸಿನ್ ಇದೆ.

ಲಿವರ್ ಅಂಕಿ ಏರಿದೆ, ಇಂಥ ಹೊತ್ತಲ್ಲಿ ಆಂಟಿಬಯೋಟಿಕ್ ಬೇಡ ಎಂದು ಮನೆಯವರೇ ಮಾತ್ರೆ ನಿಲ್ಲಿಸುವುದುಂಟು. ಟೈಫಸ್ಸಿನಲ್ಲಿ ಲಿವರನ್ನು ಉಳಿಸುವುದೇ ಆ ಮಾತ್ರೆ. ಮಕ್ಕಳ ಹಲ್ಲು ಹಳದಿಯಾಗುತ್ತದೆಂಬ ಭಯ ಹಳೆಯ ಟೆಟ್ರಾಸೈಕ್ಲಿನ್ ಕಾಲದ್ದು. ರಿಕೆಟ್ಸಿಯಾ ಜ್ವರಕ್ಕೆ ಚಿಕ್ಕ ಮಕ್ಕಳಿಗೂ ಡಾಕ್ಸಿಸೈಕ್ಲಿನ್ ಕೊಡಬಹುದೆಂದು ಈಗ ವೈದ್ಯಲೋಕ ಒಪ್ಪಿದೆ. ನಮ್ಮಲ್ಲಿ ಮಾತ್ರೆಯನ್ನು ಹಾಲಿನ ಜೊತೆ ನುಂಗುವ ರೂಢಿಯಿದೆ. ಹಾಲು, ಅಸಿಡಿಟಿಯ ಮಾತ್ರೆ, ಕಬ್ಬಿಣದ ಮಾತ್ರೆ ಇವು ಡಾಕ್ಸಿಸೈಕ್ಲಿನ್ನನ್ನು ಹೊಟ್ಟೆಯಲ್ಲೇ ಹಿಡಿದಿಟ್ಟುಕೊಳ್ಳುತ್ತವೆ. ತುಂಬು ಲೋಟ ನೀರಿನಲ್ಲಿ ನುಂಗಿ, ಅರ್ಧ ಗಂಟೆ ಮಲಗದೆ ಕೂರಬೇಕು. ಅಂಗಡಿಯಿಂದ ತಾವೇ ತಂದು ನುಂಗುವುದು ಮಾತ್ರ ಬೇಡ. ಡೆಂಗಿಗೂ ಮಂಗನ ಕಾಯಿಲೆಗೂ ಅದು ಉಪಯೋಗವಿಲ್ಲ; ಮಾತ್ರೆ ನುಂಗಿಯಾಯಿತೆಂಬ ನಂಬಿಕೆಯಲ್ಲಿ ಮನೆಯಲ್ಲೇ ಉಳಿದರೆ ಅಪಾಯ.

ತಡವಾದರೆ ಕಥೆ ಬೇರೆಯಾಗುತ್ತದೆ. ಚಿಗಟದ ಟೈಫಸ್ಸಿನಲ್ಲಿ ಚಿಕಿತ್ಸೆ ಪಡೆದವರ ಸಾವು ನೂರಕ್ಕೆ ಒಂದಕ್ಕಿಂತ ಕಡಿಮೆ. ಆದರೆ ಸ್ಕ್ರಬ್ ಟೈಫಸ್ ಉಲ್ಬಣಿಸಿದವರಿಗೆ ಡ್ರಿಪ್ ಮೂಲಕ ಎರಡು ಔಷಧ ಒಟ್ಟಿಗೆ ಕೊಡಬೇಕಾಗುತ್ತದೆ. ಭಾರತದ ಆಸ್ಪತ್ರೆಗಳಲ್ಲಿ ಸುಮಾರು 800 ರೋಗಿಗಳ ಮೇಲೆ ವೆಲ್ಲೂರಿನ ವೈದ್ಯರ ಮುಂದಾಳತ್ವದಲ್ಲಿ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ, ಡಾಕ್ಸಿಸೈಕ್ಲಿನ್ ಮತ್ತು ಅಜಿತ್ರೊಮೈಸಿನ್ ಜೊತೆಯಾಗಿ ಕೊಟ್ಟರೆ ಒಂದೊಂದೇ ಕೊಟ್ಟದ್ದಕ್ಕಿಂತ ಮೇಲು ಎಂದು ತೋರಿಸಿತು. ಆ ಹಂತಕ್ಕೆ ಹೋದವರನ್ನು ಸಾಗರದವರು ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಗೆ, ಹೊಸನಗರದವರು ಹುಲಿಕಲ್ ಘಾಟಿ ಇಳಿದು, ತೀರ್ಥಹಳ್ಳಿಯವರು ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಸಾಗಿಸುತ್ತಾರೆ. ಶರಾವತಿ ಹಿನ್ನೀರಿನಾಚೆಯ ತುಮರಿ ಕಡೆಯವರಿಗೆ 2025ರ ಜುಲೈವರೆಗೆ ಲಾಂಚಿನ ಹಂಗೂ ಇತ್ತು. ಸೇತುವೆ ಆದ ಮೇಲೆ ಅಷ್ಟಾದರೂ ತಪ್ಪಿತು. ಐದನೇ ದಿನ ತಾಲ್ಲೂಕು ಆಸ್ಪತ್ರೆಯಲ್ಲೇ ಸಿಗಬಹುದಾಗಿದ್ದ ಮಾತ್ರೆಗಾಗಿ ಹತ್ತನೇ ದಿನ ಆಂಬುಲೆನ್ಸಿನಲ್ಲಿ ಘಾಟಿ ಇಳಿಯುವುದು ಯಾವ ನ್ಯಾಯ?

ಮನೆಯ ಮಟ್ಟಿಗೆ ಮಾಡಬೇಕಾದದ್ದು ಬಹಳ ಇಲ್ಲ. ಆದರೆ ಅನುಕ್ರಮ ಮುಖ್ಯ. ಮೊದಲು ಇಲಿಗೆ ಪಾಷಾಣ ಇಡುವವರೇ ಹೆಚ್ಚು. ಇಲಿ ಸತ್ತ ಕೂಡಲೇ ತಣ್ಣಗಾದ ಮೈ ಬಿಟ್ಟು ಚಿಗಟಗಳು ಬೆಚ್ಚಗಿನ ಮೈ ಹುಡುಕುತ್ತವೆ, ಅದು ನಿಮ್ಮದಾಗಬಹುದು. ಆದ್ದರಿಂದ ಮೊದಲು ಬಿಲ, ಅಟ್ಟ, ಮೂಲೆಗಳಿಗೆ ಚಿಗಟ ಕೊಲ್ಲುವ ಪುಡಿ, ಬೆಕ್ಕುನಾಯಿಗಳಿಗೆ ಪಶುವೈದ್ಯರು ಹೇಳಿದ ಔಷಧ. ಅದು ಮುಗಿದ ಮೇಲೆ ಇಲಿಗೆ ಬೋನು. ಸತ್ತ ಇಲಿಯನ್ನು ಬರಿಗೈಯಲ್ಲಿ ಬಾಲ ಹಿಡಿದು ಎಸೆಯುವ ಶೌರ್ಯ ಬೇಡ. ಅಟ್ಟ ಗುಡಿಸುವಾಗ ಮೂಗಿಗೆ ಬಟ್ಟೆ ಕಟ್ಟಿ, ಮೊದಲು ನೀರು ಚಿಮುಕಿಸಿ. ತೋಟ, ಬೆಟ್ಟಕ್ಕೆ ಹೋಗುವಾಗ ಉಣುಗಿಗೆಂದು ಆರೋಗ್ಯ ಇಲಾಖೆ ಕೊಡುವ ಡೆಪಾ ಎಣ್ಣೆ ಹಚ್ಚಿಕೊಳ್ಳಿ. ಬಂದು ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸಿ.

ಇಷ್ಟಾಗಿಯೂ ಜ್ವರ ಬಂದು, ಐದು ದಿನ ದಾಟಿ, ಚೀಟಿಯಲ್ಲಿ ಲಿವರ್ ಅಂಕಿ ಏರಿ, ಕೆಎಫ್‌ಡಿ ನೆಗೆಟಿವ್ ಎಂದು ಬಂದರೆ, ಮದ್ದಿನವರ ಮನೆ ಹುಡುಕಬೇಡಿ. ಅದೇ ಚೀಟಿ ಹಿಡಿದು ಅದೇ ವೈದ್ಯರ ಬಳಿ ಮತ್ತೆ ಹೋಗಿ, ಮನೆಯಲ್ಲಿ ಇಲಿ ಇದೆಯೋ, ಕಾಡಿಗೆ ಹೋಗಿದ್ದಿರೋ, ಮೈಯಲ್ಲಿ ಕಪ್ಪು ಗಾಯ ಇದೆಯೋ ಹೇಳಿ, ಸಂಕೋಚವಿಲ್ಲದೆ ಕೇಳಿ: ‘ಡಾಕ್ಟ್ರೇ, ಟೈಫಸ್ ಇರಬಹುದಾ? ಡಾಕ್ಸಿ ಶುರು ಮಾಡ್ತೀರಾ?’ ಆ ಮಾತ್ರೆ ದೇಶದ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ.